ಇದರಲ್ಲಿ ನಿಮ್ಮ ಪಾಲೆಷ್ಟು

ಕೇಳಿದವರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ ಹಿಡಿದಿದ್ದರು.
ಅದು ಮುರಿದು ಒಳಗೆ ಬೀಳುವ ಮೊದಲೇ
ನಾನು ಉತ್ತರ ಕೊಡಬೇಕಿತ್ತೇನೋ.
"ಪ್ರಬಂಧ ಚೆನ್ನಾಗಿದೆ ಮೇಡಂ. ಆದರೆ ಮೂರು ಹೆಸರಿವೆ.
ಇದರಲ್ಲಿ ನಿಮ್ಮ ಪಾಲೆಷ್ಟು?"

ನನಗಿಂತ ಮುಂಚೆ ಒಳಗೆ ಹೋಗಿ ಬಂದವನು ಚಲಪತಿ.
ಅವನ ಕಡತದಲ್ಲೂ ಅದೇ ಪ್ರಬಂಧ, ಅದೇ ಮೂರು ಹೆಸರು,
ಜೆರಾಕ್ಸ್ ಮಾಡಿಸಿದ ಅಂಗಡಿಯೂ ಒಂದೇ.
ಬೆಂಚಿನ ಮೇಲೆ ಕೂತು ಶೂ ಲೇಸು ಸಡಿಲಿಸುತ್ತ ಹೇಳಿದ್ದ:
"ಏನಿಲ್ಲ ಗಂಗರತ್ನ, ಮುಂದಿನ ಪೇಪರ್ ಯಾವುದು ಅಂದ್ರು, ಅಷ್ಟೆ."

ನಮ್ಮ ಶಾಸ್ತ್ರದಲ್ಲಿ ಹೆಸರುಗಳು ಅಕಾರಾದಿಯಲ್ಲಿ ನಿಲ್ಲುತ್ತವೆ.
ದೊಡ್ಡವರು ಚಿಕ್ಕವರು ಅಂತಿಲ್ಲ, ಜಗಳವಿಲ್ಲ.
ಬ್ಯಾಟಪ್ಪ ಸರ್, ಚಲಪತಿ, ಆಮೇಲೆ ನಾನು.
ಕನ್ನಡದಲ್ಲಿ ಬರೆದಿದ್ದರೆ
ಗ ಮೊದಲು, ಚ ಆಮೇಲೆ, ಬ ಕೊನೆಗೆ.
ನಾವು ಬರೆದದ್ದು ಇಂಗ್ಲಿಷಿನಲ್ಲಿ.
ಓದಿದವರು ಉಲ್ಲೇಖಿಸುತ್ತಾರೆ: ಬ್ಯಾಟಪ್ಪ ಮತ್ತಿತರರು.
ಮತ್ತಿತರರು ಅಂದರೆ ನಾನು.
ಬಹುವಚನ, ಗೌರವಕ್ಕಲ್ಲ.

ಎರಡು ವರ್ಷ, ಇನ್ನೂರ ಹನ್ನೆರಡು ಮನೆ.
ಶಿಡ್ಲಘಟ್ಟದ ಸುತ್ತ ನನ್ನ ಚಪ್ಪಲಿ ಕಾಣದ ಊರಿಲ್ಲ.
ಹುಳ ನಾಲ್ಕನೇ ಜ್ವರಕ್ಕೆ ಕೂತಿದ್ದರೆ ಒಳಗೆ ಬಿಡುವುದಿಲ್ಲ,
ಹೊಸಲಲ್ಲೇ ಸುಣ್ಣದ ಪುಡಿ ತುಳಿದು ನಿಂತು ಕೇಳುತ್ತಿದ್ದೆ:
"ಹುಳ ಸಾಕೋರು ಯಾರು?"
"ನಾನೇ" ಅನ್ನುತ್ತಿದ್ದರು ಗಂಡಸರು, ಹಲ್ಲುಕಡ್ಡಿ ಬಾಯಲ್ಲೇ ಇಟ್ಟು.
ಅವರ ಬೆನ್ನ ಹಿಂದೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುವ ಸದ್ದು
ಒಂದು ಗಳಿಗೆಯೂ ನಿಲ್ಲುತ್ತಿರಲಿಲ್ಲ.
ಗಂಡನ ಎದುರು ಬರೆದೆ: ಕಸುಬುದಾರ.
ಹೆಂಡತಿಯ ಎದುರು: ನೆರವು.
ಇನ್ನೂರ ಹನ್ನೆರಡರಲ್ಲಿ ನೂರ ತೊಂಬತ್ತು ಸಲ, ನೆರವು.
ಬರೆದದ್ದು ನನ್ನದೇ ಕೈ.
ನೀಲಿ ಇಂಕು, ಗುಂಡಗಿನ ಅಕ್ಷರ, ಟೀಚರಮ್ಮನ ಅಕ್ಷರ.

ಸೆಮಿನಾರ್ ಮುಗಿದ ಮೇಲೆ ಅಸಲು ಸೆಮಿನಾರ್ ಶುರುವಾಗುತ್ತದೆ,
ಕ್ಯಾಂಟೀನಿನ ಹಿಂದೆ, ಬೈಕುಗಳಿಗೆ ಒರಗಿ.
ಯಾರು ಯಾರ ಜೊತೆ ಬರೆಯುವುದು,
ಯಾವ ಪತ್ರಿಕೆಯ ಸಂಪಾದಕರು ಯಾರ ಗುರುಗಳು,
ಎಲ್ಲ ಅಲ್ಲಿ ಹೊಗೆಯ ಜೊತೆ ಏಳುತ್ತದೆ.
ಮರುದಿನ ಕೇಳುತ್ತಾರೆ: "ನೀವಿರಲಿಲ್ಲವಲ್ಲ ಮೇಡಂ?"
ಇರಲಿಲ್ಲ.
ಐದೂ ಮುಕ್ಕಾಲರ ಬಸ್ಸಿನಲ್ಲಿದ್ದೆ, ಕಂಬಿ ಹಿಡಿದು,
ಕಂಕುಳಲ್ಲಿ ಮೂವರ ಅಂಕಿಅಂಶ.

ಬಿಚ್ಚಾಣಿಕೆ ಮಾಡುವ ಜಬೀನಾಳನ್ನು ಒಮ್ಮೆ ಕೇಳಿದ್ದೆ,
ಪ್ರಶ್ನಾವಳಿಯಲ್ಲಿ ಇಲ್ಲದ ಪ್ರಶ್ನೆ, ಸುಮ್ಮನೆ.
ಕುದಿನೀರಿನಿಂದ ಎಂಟು ಗೂಡಿನ ಎಳೆ ಎತ್ತಿ
ಒಂದೇ ನೂಲಾಗಿ ರಾಟೆಗೆ ಬಿಡುತ್ತಿದ್ದಳು.
"ಇದರಲ್ಲಿ ಯಾವ ಗೂಡಿಂದು ಎಷ್ಟು ಪಾಲು?"
ನೆನೆದು ಬೆಳ್ಳಗಾದ ಬೆರಳು ಎತ್ತದೆ ನಕ್ಕಳು:
"ಇರೋವರೆಗೂ ಗೊತ್ತಾಗಲ್ಲ ಮೇಡಂ.
ಒಂದು ತಪ್ಪಿದ್ರೆ ತಟ್ಟಂತ ಗೊತ್ತಾಗತ್ತೆ."

ಅಲ್ಲಿ ಅದನ್ನು ಹೇಳಬೇಕಿತ್ತು. ಹೊಳೆಯಲಿಲ್ಲ.
"ಮೂರನೇ ಒಂದು ಸಾರ್" ಅಂದೆ.
ಅರ್ಥಶಾಸ್ತ್ರದವಳು, ಭಾಗಾಕಾರ ಬರುತ್ತದೆ.
ಬಿಸ್ಕತ್ತು ಮುರಿದು ಟೀಯಲ್ಲಿ ಮುಳುಗಿತು.
ಎಲ್ಲರೂ ಸೇರಿ ಒಂದು ಚಮಚಕ್ಕೆ ಕೂಗಿದರು.

ಮಂಚದ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ
ಆ ಇನ್ನೂರ ಹನ್ನೆರಡು ನಮೂನೆಗಳಿವೆ.
ಮತ್ತೆ ಹೋಗಬೇಕು.
ಈ ಸಲ ಹೊಸಲಲ್ಲಿ ನಿಂತು
ಮೊದಲು ಆ ಸೊಪ್ಪು ಕತ್ತರಿಸುವ ಸದ್ದಿನ ಹೆಸರು ಕೇಳಬೇಕು.
ಪೇಪರಿಗೆ ಜಬೀನಾಳ ಹೆಸರೂ ಸೇರಿಸಿದರೆ ಹೇಗೆ
ಅಂತ ರಾತ್ರಿಯೆಲ್ಲ ಯೋಚಿಸಿದೆ.
ಬೆಳಗಿನ ಜಾವ ತಿಳಿಯಿತು:
ಗ ಆದಮೇಲೆ ಜ.
ಎರಡೂ ಭಾಷೆಯಲ್ಲಿ
ಅವಳು ನನ್ನ ಹಿಂದೆಯೇ.